ಹಳೆಯ ಕಾರಿಗೆ ಹಳೆಯ ಟೈರು ಸಲ್ಲದು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ದೂರವಾಣಿ ಮಾಡಿದ್ದ. ಅಫಜಲಪುರದಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಪ್ರಮೇಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ ಹುಡುಗ. ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದನ್ನು ಕೊಂಡು, ಬಣ್ಣ ಹೊಡೆಸಿ, ಎಂಜಿನ್ ಬಿಚ್ಚಿಸಿ ಕಟ್ಟಿಸಿದ್ದಾನಂತೆ. ಸಂತೋಷವಾಯಿತು. ನಂತರ ಅವನು ಕೇಳಿದ ಪ್ರಶ್ನೆ ಮಾತ್ರ ನನ್ನ ನಿದ್ದೆ ಕೆಡಿಸಿತು.

"ಸರ್, ನಿಮ್ಮ ಹತ್ರನೂ ಪದ್ಮಿನಿ ಅದ ಅಲ್ರೀ. ಟೈರ್ ಯಾವು ಹಾಕ್ಸಲಿ? ಅಗಲ ಇರೋ ಪರ್ಫಾರ್ಮೆನ್ಸ್ ಟೈರ್ ಬೇಕು. ಎಂಬತ್ತು ಸಾವಿರ ಕಿಲೋಮೀಟರ್ ಬಾಳಿಕಿ ಬರಬೇಕು. ಒಮ್ಮೆ ಹಾಕ್ಸಿದ್ರ ಜೀವನದಾಗ ಮತ್ತ ನೋಡಬಾರ್ದು."

ಈ ಮೂರು ವಾಕ್ಯಗಳಲ್ಲಿ ಮೂರು ತಪ್ಪುಗಳಿವೆ. ಅಗಲವಾದುದು ಉತ್ತಮ ಎಂಬುದು ಒಂದು. ಬಾಳಿಕೆಯನ್ನು ಕಿಲೋಮೀಟರಿನಲ್ಲಿ ಅಳೆಯಬೇಕು ಎಂಬುದು ಎರಡು. ಒಮ್ಮೆ ಹಾಕಿಸಿದರೆ ಮತ್ತೆ ನೋಡಬೇಕಾಗಿಲ್ಲ ಎಂಬುದು ಮೂರನೆಯದು ಮತ್ತು ಅತ್ಯಂತ ಅಪಾಯಕಾರಿಯಾದುದು. ಅವನಿಗೆ ದೂರವಾಣಿಯಲ್ಲಿ ಉತ್ತರಿಸಿದೆ. ಆದರೆ ಇದೇ ತಪ್ಪುಗಳನ್ನು ಆಳಂದದಿಂದ ಜೇವರ್ಗಿಯವರೆಗೆ ನಮ್ಮ ಬಂಧುಬಳಗದ ಅನೇಕರು ಮಾಡುತ್ತಿರುವುದನ್ನು ಕಣ್ಣಾರೆ ಕಂಡಿರುವುದರಿಂದ, ನಾನೇ ಅದನ್ನು ಮಾಡಿ ಬೆಲೆ ತೆತ್ತಿರುವುದರಿಂದ, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಕಟುವಾಗಿ ಬರೆದರೆ ಕ್ಷಮಿಸಿ. ಗಣಿತದ ಮಾಸ್ತರನಿಗೆ ತಪ್ಪು ಲೆಕ್ಕ ಕಂಡರೆ ಕೆಂಪು ಶಾಯಿ ಹಿಡಿಯುವ ಚಟ ಎಂಬತ್ತನೆಯ ವಯಸ್ಸಿನಲ್ಲಿಯೂ ಬಿಡುವುದಿಲ್ಲ.

ನನ್ನ ಕಾರಿನ ಪರಿಚಯ ನಿಮ್ಮಲ್ಲಿ ಹಲವರಿಗೆ ಇದೆ. 1984ರ ಪದ್ಮಿನಿ. 1994ರಲ್ಲಿ ಸೊಲ್ಲಾಪುರದ ವೈದ್ಯರೊಬ್ಬರಿಂದ ಎರಡನೆಯ ಕೈಯಾಗಿ ಕೊಂಡದ್ದು. ಮುಂಬಯಿಯ ಕುರ್ಲಾದಲ್ಲಿ ತಯಾರಾದ, ಇಟಲಿಯ ಫಿಯಟ್ 1100ರ ವಂಶಕ್ಕೆ ಸೇರಿದ ಈ ಕಾರಿನ ಗೇರು ಸ್ಟಿಯರಿಂಗಿನ ಪಕ್ಕದಲ್ಲಿಯೇ ಇರುತ್ತದೆ. ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು. ಪವರ್ ಸ್ಟಿಯರಿಂಗ್ ಎಂಬ ಸೌಕರ್ಯವಿಲ್ಲ. ಸುಮಾರು ಒಂಬತ್ತು ನೂರು ಕಿಲೋ ತೂಕದ ಈ ಗಾಡಿಯಲ್ಲಿ ನಾನು ಮೂರೂ ತಾಲೂಕುಗಳ ಮದುವೆ, ಮುಂಜಿವೆ, ಮರಣಗಳಿಗೆ ಹೋಗಿದ್ದೇನೆ. ಗಾಣಗಾಪುರದ ಸಂಗಮಕ್ಕೂ ಘತ್ತರಗಿಯ ಭಾಗ್ಯವಂತಿಯ ಜಾತ್ರೆಗೂ ಇದೇ ಕಾರು. 2003ರಲ್ಲಿ ನಿವೃತ್ತನಾದ ಮೇಲೆ ಓಡಾಟ ಕಡಿಮೆಯಾಯಿತು. ವರ್ಷಕ್ಕೆ ಹೆಚ್ಚೆಂದರೆ ಎರಡೂವರೆ ಸಾವಿರ ಕಿಲೋಮೀಟರು. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2005ರ ದೀಪಾವಳಿಯ ಹೊತ್ತಿಗೆ ಅಂಗಡಿಯೊಂದರಲ್ಲಿ ನಾಲ್ಕು ರೇಡಿಯಲ್ ಟೈರುಗಳನ್ನು ಕೊಂಡೆ. ರಿಯಾಯಿತಿಯಲ್ಲಿ ಸಿಕ್ಕವು. "ಲೋಹದಂಥ ಟೈರು, ಮಾಸ್ತರರೇ, ನಿಮ್ಮ ಮೊಮ್ಮಕ್ಕಳೂ ಓಡಿಸಬಹುದು" ಎಂದ ಅಂಗಡಿಯವ. ರಿಯಾಯಿತಿ ಏಕೆಂದು ನಾನು ಕೇಳಲಿಲ್ಲ. ಚೌಕಾಸಿಯಲ್ಲಿ ಗೆದ್ದೆನೆಂಬ ಹೆಮ್ಮೆಯಿಂದ ಮನೆಗೆ ಬಂದೆ.

2012ರ ಏಪ್ರಿಲ್ ತಿಂಗಳಲ್ಲಿ ಆಳಂದದ ಗ್ಯಾರೇಜಿಗೆ ಕಾರನ್ನು ಒಯ್ದಿದ್ದೆ. ಅಲ್ಲಿಯ ಮೆಕ್ಯಾನಿಕ್ ಕೂಡ ನನ್ನ ಶಿಷ್ಯನೇ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ ಶಾಲೆ ಬಿಟ್ಟವನು. ನಾನು ಅವನನ್ನು ತರಗತಿಯ ಮುಂದೆ ದಡ್ಡ ಎಂದು ಕರೆದದ್ದುಂಟು. ಅವನು ಟೈರಿನ ಪಕ್ಕದ ಮೇಲೆ ಬೆರಳಾಡಿಸಿ, ಬಗ್ಗಿ ಏನನ್ನೋ ಓದಿ, ಮೆಲ್ಲಗೆ ಹೇಳಿದ:

"ಸರ್, ಈ ಟೈರ್ ಮುದಿ ಆಗ್ಯಾವ್ರೀ. ರಬ್ಬರ್ ಕಟ್ಟಿಗಿ ಇದ್ಹಂಗ ಆಗ್ಯಾದ. ಬ್ಯಾಸಿಗ್ಯಾಗ ದೂರ ಒಯ್ಯಬ್ಯಾಡ್ರಿ."

ನಾನು ಕಿಸೆಯಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಟೈರಿನ ಗೀರಿನೊಳಗೆ ಇಳಿಸಿ ತೋರಿಸಿದೆ. "ನೋಡು, ಬಟನ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಓಡಿದ್ದೇ ಹದಿನಾರು ಸಾವಿರ ಕಿಲೋಮೀಟರು. ನಿನಗೆ ಲೆಕ್ಕ ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ" ಎಂದು ನಕ್ಕೆ. ಅವನು ನಗಲಿಲ್ಲ. "ನಿಮ್ಮ ಇಚ್ಛಾರೀ ಸರ್" ಎಂದು ಕೈ ಒರೆಸಿಕೊಂಡ.

ಮೇ ತಿಂಗಳಲ್ಲಿ ಜೇವರ್ಗಿಯಲ್ಲಿ ಹತ್ತಿರದವರ ಮದುವೆ. ನಾನು, ನನ್ನ ಪತ್ನಿ, ಹಿಂದಿನ ಸೀಟಿನಲ್ಲಿ ತಂಗಿ ಮತ್ತು ಅವಳ ಮೊಮ್ಮಗಳು. ಆಳಂದದಿಂದ ಕಲಬುರಗಿಯ ಮೇಲೆ ಜೇವರ್ಗಿಗೆ ಎಂಬತ್ತು ಕಿಲೋಮೀಟರಿನಷ್ಟು ದಾರಿ. ಮಧ್ಯಾಹ್ನದ ಬಿಸಿಲು ನಲವತ್ತಮೂರು ಡಿಗ್ರಿ ಇದ್ದಿರಬೇಕು. ಕಟ್ಟಿಸಂಗಾವಿಯ ಬಳಿ ಭೀಮಾ ನದಿಯ ಸೇತುವೆ ದಾಟಿ ಸ್ವಲ್ಪ ದೂರ ಸಾಗಿದ್ದೆವು. ಹಿಂದಿನ ಎಡಗಾಲಿಯಿಂದ ಹೊಲದಲ್ಲಿ ತಮಟೆ ಬಾರಿಸಿದಂಥ ಸದ್ದು ಬಂತು. ಏನೆಂದು ಯೋಚಿಸುವಷ್ಟರಲ್ಲಿ ಟೈರಿನ ಮೇಲ್ಪದರು ಪಟ್ಟಿಯಾಗಿ ಕಿತ್ತುಬಂದು, ಗಾಳಿ ಹೋಗಿ, ಕಾರು ಹಿಂಭಾಗ ತಿರುಗಿಸಿಕೊಂಡು ರಸ್ತೆಯ ಬದಿಯ ತಗ್ಗಿಗೆ ಇಳಿಯಿತು. ನಮ್ಮೆದುರು ಕುರಿಗಳ ಹಿಂಡೊಂದು ಸಾಗುತ್ತಿತ್ತು. ಹಿಂಡಿನ ಹಿಂದೆ ಕೋಲು ಹಿಡಿದ ಹುಡುಗನೊಬ್ಬನಿದ್ದ. ಅವನಿಂದ ಹತ್ತು ಮಾರು ದೂರದಲ್ಲಿ ಕಾರು ನಿಂತಿತು. ಪತ್ನಿಯ ಬಲಗೈ ಮಣಿಕಟ್ಟು ಮುರಿಯಿತು. ಮಗುವಿನ ಹಣೆಗೆ ಮೂರು ಹೊಲಿಗೆ ಬಿದ್ದವು. ಆ ಕುರಿಗಾಹಿ ಹುಡುಗ ನಮ್ಮತ್ತಲೇ ನೋಡುತ್ತ ನಿಂತಿದ್ದ ಮುಖ ಇಂದಿಗೂ ನನ್ನ ಕಣ್ಣಮುಂದಿದೆ. ಪತ್ನಿಯ ಆ ಕೈ ಮತ್ತೆ ಮೊದಲಿನಂತೆ ರೊಟ್ಟಿ ಬಡಿಯಲಿಲ್ಲ.

ಗಾಡಿಯನ್ನು ಎಳೆಸಿಕೊಂಡು ಬಂದ ಮೇಲೆ ಆ ಮೆಕ್ಯಾನಿಕ್ ಟೈರಿನ ಪಕ್ಕದಲ್ಲಿದ್ದ ಸಣ್ಣ ಅಂಡಾಕಾರದ ಗುರುತಿನೊಳಗಿನ ನಾಲ್ಕು ಅಂಕಿಗಳನ್ನು ನನಗೆ ತೋರಿಸಿದ: 1402. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2002ನೆಯ ಇಸವಿಯ ಹದಿನಾಲ್ಕನೆಯ ವಾರ. ಅಂದರೆ ನಾನು ಕೊಳ್ಳುವಾಗಲೇ ಆ ಟೈರುಗಳಿಗೆ ಮೂರೂವರೆ ವರ್ಷ ವಯಸ್ಸಾಗಿತ್ತು. ಒಡೆದಾಗ ಹತ್ತು ವರ್ಷ. ಮೂವತ್ತು ವರ್ಷಕ್ಕೂ ಮಿಕ್ಕಿ ಅಂಕಿಗಳನ್ನು ಕಲಿಸಿದ ನಾನು ಆ ನಾಲ್ಕು ಅಂಕಿಗಳನ್ನು ಓದಿರಲಿಲ್ಲ. ನಾನು ದಡ್ಡನೆಂದು ಕರೆದವನು ಓದಿದ್ದ.

ಇಷ್ಟು ಆತ್ಮಕಥೆ ಸಾಕು. ಈಗ ವಾದಕ್ಕೆ ಬರುತ್ತೇನೆ.

ಟೈರು ಎರಡು ರೀತಿಯಲ್ಲಿ ಸಾಯುತ್ತದೆ. ಒಂದು ಸವೆದು, ಇನ್ನೊಂದು ಮುಪ್ಪಾಗಿ. ದಿನವೂ ನೂರಿನ್ನೂರು ಕಿಲೋಮೀಟರು ಓಡುವ ಟ್ಯಾಕ್ಸಿಯ ಟೈರು ಸವೆದು ಸಾಯುತ್ತದೆ. ಅದಕ್ಕೆ ಮುಪ್ಪಾಗಲು ಪುರುಸೊತ್ತೇ ಇರುವುದಿಲ್ಲ. ಆದರೆ ನಮ್ಮಂಥವರ ಹಳೆಯ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅದರ ಟೈರು ಸವೆಯುವ ಬಹಳ ಮೊದಲೇ ಮುಪ್ಪಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಅದನ್ನು ಗಟ್ಟಿಗೊಳಿಸುವ ವಿದ್ಯೆಯನ್ನು ಕಂಡುಹಿಡಿದ. ಆ ರಬ್ಬರಿನೊಳಗಿನ ಬದಲಾವಣೆ ಕಾರ್ಖಾನೆಯಿಂದ ಹೊರಬಂದ ಮೇಲೂ ನಿಲ್ಲುವುದಿಲ್ಲ. ಶಾಖ ಮತ್ತು ಆಮ್ಲಜನಕ ಸೇರಿ ರಬ್ಬರನ್ನು ವರ್ಷದಿಂದ ವರ್ಷಕ್ಕೆ ಬಿರುಸಾಗಿಸುತ್ತವೆ. ಒಳಗಿನ ಉಕ್ಕಿನ ಪಟ್ಟಿಗಳಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲುತ್ತದೆ. ಹೊರಗಿನಿಂದ ನೋಡಿದರೆ ಬಟನ್ ಹೊಸದರಂತೆಯೇ ಇರುತ್ತದೆ. ಟೈರನ್ನು ಬಿರುಕಿನಿಂದ ಕಾಪಾಡಲೆಂದು ರಬ್ಬರಿನಲ್ಲಿ ಬೆರೆಸಿರುವ ಮೇಣದಂಥ ದ್ರವ್ಯಗಳು ಗಾಲಿ ಉರುಳಿ ರಬ್ಬರು ಬಾಗಿ ಬಳುಕಿದಾಗ ಮೇಲ್ಮೈಗೆ ಬರುತ್ತವೆ. ನಿಂತ ಕಾರಿಗೆ ಆ ರಕ್ಷಣೆಯೂ ಸಾಲದು. ಆದ್ದರಿಂದ "ಗಾಡಿ ಓಡೇ ಇಲ್ಲ, ಟೈರು ಹ್ಯಾಂಗ ಹಾಳಾಗ್ತದ?" ಎಂದು ಕೇಳುವ ನನ್ನ ಬಂಧುಗಳಿಗೆ ಉತ್ತರ ಇಷ್ಟೇ: ಓಡದಿದ್ದುದರಿಂದಲೇ ಹಾಳಾಗುತ್ತದೆ.

ಇದು ನಮ್ಮ ಬಿಸಿಲುನಾಡಿನಲ್ಲಿ ಇನ್ನೂ ಬೇಗ ಆಗುತ್ತದೆ. 2000ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಅರವತ್ತೈದು ಲಕ್ಷದಷ್ಟು ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳ ಮೇಲ್ಪದರು ಕಿತ್ತುಬಂದು ವಾಹನಗಳು ಉರುಳಿದ್ದವು. ಆ ಅಪಘಾತಗಳು ಅರಿಜೋನಾ, ಟೆಕ್ಸಾಸ್, ಫ್ಲಾರಿಡಾಗಳಂಥ ಬಿಸಿ ರಾಜ್ಯಗಳಲ್ಲಿಯೇ ಹೆಚ್ಚಾಗಿದ್ದವು ಎಂಬುದು ಕಲಬುರಗಿ ಜಿಲ್ಲೆಯವರು ಗಮನಿಸಬೇಕಾದ ಸಂಗತಿ. 2013ರಲ್ಲಿ ಹಾಲಿವುಡ್ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತವನ್ನು ನಿಮ್ಮ ಮಕ್ಕಳು ಬಲ್ಲರು. ಮಿತಿಮೀರಿದ ವೇಗವೇ ಅದಕ್ಕೆ ಕಾರಣವೆಂದು ತನಿಖೆ ಹೇಳಿತು. ಆ ಪೋರ್ಷೆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತೆಂಬುದನ್ನೂ ದಾಖಲಿಸಿತು. ಕೋಟಿಗಟ್ಟಲೆ ಬೆಲೆಯ ಕಾರಿನ ಟೈರಿನ ವಯಸ್ಸೂ ನಿಲ್ಲುವುದಿಲ್ಲ.

ಈಗ ಕಿಲೋಮೀಟರಿನ ಮೋಹವನ್ನು ನೋಡೋಣ. ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರು ಓಡುವ ಕಾರಿಗೆ ಎಂಬತ್ತು ಸಾವಿರ ಕಿಲೋಮೀಟರಿನ ಟೈರು ಹಾಕಿಸಿದರೆ ಅದು ಸವೆಯಲು ಎಷ್ಟು ವರ್ಷ ಬೇಕು? ಐದನೆಯ ತರಗತಿಯ ಭಾಗಾಕಾರ. ಮೂವತ್ತೆರಡು ವರ್ಷ! ಆದರೆ ಮಿಶೆಲಿನ್, ಕಾಂಟಿನೆಂಟಲ್‌ಗಳಂಥ ತಯಾರಕರು ಹೇಳುವುದು, ಐದು ವರ್ಷದ ಮೇಲೆ ಪ್ರತಿವರ್ಷ ಪರೀಕ್ಷಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆಯಿರಿ ಎಂದು. ಕೆಲವು ಕಾರು ತಯಾರಕರು ಆರೇ ವರ್ಷ ಎನ್ನುತ್ತಾರೆ. ನಮ್ಮ ಬಿಸಿಲಿಗೆ ಆರು ವರ್ಷವೇ ಸರಿಯೆಂದು ನನ್ನ ಮತ. ಆರು ವರ್ಷದಲ್ಲಿ ನಾನು ಓಡಿಸುವುದು ಹದಿನೈದು ಸಾವಿರ. ಉಳಿದ ಅರವತ್ತೈದು ಸಾವಿರ ಕಿಲೋಮೀಟರಿನ ಬಾಳಿಕೆಗೆ ನಾನೇಕೆ ಬೆಲೆ ಕೊಡಬೇಕು?

ಬೆಲೆಯೆಂದರೆ ಹಣ ಮಾತ್ರವಲ್ಲ. ಬೇಗ ಸವೆಯದ ಟೈರಿನ ರಬ್ಬರು ಸಾಮಾನ್ಯವಾಗಿ ಗಟ್ಟಿ. ಗಟ್ಟಿ ರಬ್ಬರು ರಸ್ತೆಯನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಮೆದು ರಬ್ಬರು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಸಿಲಿಕಾ ಬೆರೆಸಿದ ಹೊಸ ಮಿಶ್ರಣಗಳು ಈ ಅಂತರವನ್ನು ಕಡಿಮೆ ಮಾಡಿವೆ, ಇಲ್ಲವಾಗಿಸಿಲ್ಲ. ಅನೇಕ ಟೈರುಗಳ ಪಕ್ಕದಲ್ಲಿ ಟ್ರೆಡ್‌ವೇರ್ ಎಂಬ ಅಂಕಿ ಇರುತ್ತದೆ. ಇದು ಅಮೆರಿಕದ ನಿಯಮದ್ದು. 100 ಎಂಬುದನ್ನು ಆಧಾರವಾಗಿಟ್ಟು, ಅದಕ್ಕಿಂತ ಎಷ್ಟು ಪಟ್ಟು ನಿಧಾನವಾಗಿ ಸವೆಯುತ್ತದೆಂದು ಹೇಳುವ ಲೆಕ್ಕ. ಅದರ ಪಕ್ಕದಲ್ಲಿಯೇ ಒದ್ದೆ ರಸ್ತೆಯ ಹಿಡಿತಕ್ಕೆ ಒಂದು ಅಕ್ಷರ, ಶಾಖ ತಾಳುವ ಶಕ್ತಿಗೆ ಇನ್ನೊಂದು ಅಕ್ಷರ ಇರುತ್ತವೆ. ನಮ್ಮವರು ಅಂಕಿಯನ್ನು ನೋಡಿ ಮರುಳಾಗುತ್ತಾರೆ, ಅಕ್ಷರಗಳನ್ನು ನೋಡುವುದೇ ಇಲ್ಲ. ಹಳೆಯ ಕಾರಿನವರು ಮಾಡಬೇಕಾದುದು ತದ್ವಿರುದ್ಧ. ನಮಗೆ ಬೇಕಾದ ಬಾಳಿಕೆಯೆಂದರೆ ಗಾಲಿಗೆ ರಬ್ಬರು ಎಷ್ಟು ಕಾಲ ಅಂಟಿಕೊಂಡಿರುತ್ತದೆ ಎಂಬುದಲ್ಲ, ಎಷ್ಟು ಕಾಲ ತನ್ನ ಕೆಲಸ ಮಾಡುತ್ತದೆ ಎಂಬುದು. ಟೈರಿನ ಕೆಲಸ ರಸ್ತೆಯನ್ನು ಹಿಡಿಯುವುದು. ಬ್ರೇಕು ಗಾಲಿಯನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಟೈರು. ಅಂಗೈಯಷ್ಟಗಲದ ನಾಲ್ಕು ರಬ್ಬರಿನ ತುಂಡುಗಳ ಮೇಲೆ ಇಡೀ ಸಂಸಾರ ಕುಳಿತಿರುತ್ತದೆ. ಅಫಜಲಪುರದ ಕಡೆ ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ಡಾಂಬರಿನ ಮೇಲೆ ಹೊತ್ತುತಂದು ಬೆಣ್ಣೆಯಂತೆ ಸವರಿರುವುದನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಚೌಡಾಪುರದ ತಿರುವಿನಲ್ಲಿ ಅಂಥ ಮಣ್ಣಿನ ಮೇಲೆ ಬಿರುಸು ಟೈರಿನ ಕಾರು ಅಡ್ಡಡ್ಡ ಜಾರುವುದನ್ನು ನಾನು ಒಳಗೆ ಕುಳಿತೇ ಅನುಭವಿಸಿದ್ದೇನೆ.

ಹಾಗಾದರೆ ಅಗಲ ಟೈರು ಹಾಕಿಸಿದರೆ ಹಿಡಿತ ಹೆಚ್ಚುವುದಿಲ್ಲವೇ ಎಂದು ಪುಣೆಯ ಶಿಷ್ಯ ಕೇಳಿದ. ಇದಕ್ಕೂ ಲೆಕ್ಕವೇ ಉತ್ತರ. ಪದ್ಮಿನಿಗೆ ಮೂಲದಲ್ಲಿ ಬರುತ್ತಿದ್ದುದು 5.20-14 ಅಳತೆಯ ಕಿರಿದಾದ ಟೈರು, ನಮ್ಮ ಅಂಗಡಿಗಳ ಭಾಷೆಯಲ್ಲಿ ನೈಲಾನ್ ಟೈರು. ಈಗ ಸುಲಭವಾಗಿ ಸಿಗುವ ರೇಡಿಯಲ್‌ಗಳಲ್ಲಿ ಅದಕ್ಕೆ ಹತ್ತಿರವಾದುದು 165/80 ಆರ್ 14. ಹದಿನಾಲ್ಕು ಇಂಚಿನ ರಿಮ್ಮೆಂದರೆ 355.6 ಮಿಲಿಮೀಟರು. 165ರ ನೂರಕ್ಕೆ ಎಂಬತ್ತು 132. ಮೇಲೊಂದು ಕೆಳಗೊಂದು ಸೇರಿ 264. ಒಟ್ಟು ಎತ್ತರ ಸುಮಾರು 620. ಹುಡುಗರು ಬಯಸುವ 185/60 ಆರ್ 14 ಹಾಕಿಸಿದರೆ ಇದೇ ಲೆಕ್ಕದಂತೆ 578. ಗಾಡಿ ಎರಡು ಸೆಂಟಿಮೀಟರಿನಷ್ಟು ನೆಲಕ್ಕೆ ಇಳಿಯಿತು, ನಮ್ಮ ಹಳ್ಳಿಗಳ ರಸ್ತೆಯುಬ್ಬುಗಳಿಗೆ ಹೊಟ್ಟೆ ತಾಗಿತು. ಸ್ಪೀಡೋಮೀಟರು ನೂರಕ್ಕೆ ಏಳರಷ್ಟು ಹೆಚ್ಚು ತೋರಿಸತೊಡಗಿತು. ಪವರಿಲ್ಲದ ಸ್ಟಿಯರಿಂಗು ಕಲ್ಲಾಯಿತು. ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಂಭವವೂ ಉಂಟು. ಕಿರಿದಾದ ಗಾಲಿಗೆಂದು ನಲವತ್ತು ವರ್ಷದ ಹಿಂದೆ ಮಾಡಿದ ಕಿಂಗ್‌ಪಿನ್ನು, ಬೇರಿಂಗುಗಳ ಮೇಲೆ ಭಾರ ಹೆಚ್ಚಿತು. ಎಂಬತ್ತರ ವೇಗ ಮೀರಬಾರದ ಗಾಡಿಗೆ ಇದರಿಂದ ದೊರೆತದ್ದೇನು? ಮುದುಕನ ಕಾಲಿಗೆ ಕುಸ್ತಿಪಟುವಿನ ಬೂಟು ತೊಡಿಸಿದಂತಾಯಿತು.

ಹಾಗಾದರೆ ಏನನ್ನು ಆರಿಸಬೇಕು? ಚುಟುಕಾಗಿ ಹೇಳುತ್ತೇನೆ. ಮೂಲದ ಎತ್ತರಕ್ಕೆ ಹತ್ತಿರವಾದ, ರಿಮ್ಮಿಗೆ ಹೊಂದುವ ಅಳತೆ. ಅಂಬಾಸಿಡರ್ ಇದ್ದವರಿಗೆ 5.90-15ಕ್ಕೆ ಸಮನಾದುದು. ಐಎಸ್‌ಐ ಗುರುತು ಕಡ್ಡಾಯವಾಗಿ ಇರಬೇಕು. ವೇಗದ ಅಕ್ಷರ ಎಸ್ ಇದ್ದರೆ ಗಂಟೆಗೆ 180, ಟಿ ಇದ್ದರೆ 190 ಕಿಲೋಮೀಟರು. ನಮ್ಮ ಗಾಡಿಗೆ ಧಾರಾಳವಾಯಿತು, ವಿ ಅಕ್ಷರಕ್ಕೆ ಹಣ ಸುರಿಯಬೇಕಾಗಿಲ್ಲ. ಭಾರದ ಅಂಕಿ 82 ಎಂದರೆ ಒಂದು ಟೈರು 475 ಕಿಲೋ ಹೊರುತ್ತದೆ, ಅದಕ್ಕಿಂತ ಕಡಿಮೆಯದು ಬೇಡ. ಒದ್ದೆ ಹಿಡಿತ ಮತ್ತು ಶಾಖದ ಅಕ್ಷರಗಳು ಎರಡೂ 'ಎ' ಇದ್ದರೆ ಒಳ್ಳೆಯದು, ಟ್ರೆಡ್‌ವೇರ್ ಅಂಕಿ ಕಡಿಮೆಯಿದ್ದರೆ ಹೆದರಬೇಡಿ. ಹಳೆಯ ರಿಮ್ಮುಗಳು ಟ್ಯೂಬ್‌ಲೆಸ್ ಟೈರಿಗೆಂದು ಮಾಡಿದವಲ್ಲ, ಆದ್ದರಿಂದ ರೇಡಿಯಲ್‌ಗೆ ತಕ್ಕ ಹೊಸ ಟ್ಯೂಬನ್ನು ಹಾಕಿಸಿ. ರೇಡಿಯಲ್ ಮತ್ತು ನೈಲಾನ್ ಟೈರುಗಳನ್ನು ಬೆರೆಸಲೇಬೇಡಿ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಗೆ ಹಾರುತ್ತದೆ. ಗಾಳಿಯನ್ನು ಬೆಳಗಿನ ತಂಪಿನಲ್ಲಿ ಪರೀಕ್ಷಿಸಿ, ಕಡಿಮೆ ಗಾಳಿಯ ಟೈರು ಒಳಗೊಳಗೇ ಕಾಯುತ್ತದೆ. ಸ್ಟೆಪ್ನಿಯ ವಯಸ್ಸನ್ನೂ ನೋಡಿ. ಡಿಕ್ಕಿಯೊಳಗೆ ಮಲಗಿದ ಮಾತ್ರಕ್ಕೆ ಅದಕ್ಕೆ ಮುಪ್ಪು ತಪ್ಪಿದ್ದಲ್ಲ.

ಹಳೆಯ ಕಾರಿನ ಶುದ್ಧತೆಯನ್ನು ಪ್ರತಿಪಾದಿಸುವ ಕೆಲವರು, "ಮೂಲದಲ್ಲಿ ನೈಲಾನ್ ಟೈರು ಇತ್ತು, ಅದೇ ಬೇಕು" ಎನ್ನುತ್ತಾರೆ. ನನಗೆ ಅವರ ಮೇಲೆ ಗೌರವವಿದೆ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ದೊರೆಯುತ್ತದೆ. ನನ್ನ ಕಾರಿಗೆ 2034ರಲ್ಲಿ ಆ ಭಾಗ್ಯ, ನಾನಿರುತ್ತೇನೋ ಇಲ್ಲವೋ. ನೈಲಾನ್ ಹಾಕಿಸಿ, ಬೇಡವೆನ್ನುವುದಿಲ್ಲ. ನಾಲ್ಕೂ ನೈಲಾನ್ ಆಗಿರಲಿ, ನಾಲ್ಕೂ ಹೊಸವಾಗಿರಲಿ. ಆದರೆ ಮೂಲದ ಟೈರೇ ಬೇಕೆಂದು ಮೂವತ್ತು ವರ್ಷದ ಟೈರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹೆದ್ದಾರಿಗೆ ಇಳಿಯುವುದು ಪರಂಪರೆಯ ರಕ್ಷಣೆಯಲ್ಲ.

ಇನ್ನು ಖರ್ಚಿನ ಮಾತು. ಕಳೆದ ಸಲ ನಾನು ನಾಲ್ಕು ಟೈರಿಗೆ ಹದಿನೆಂಟು ಸಾವಿರ ಕೊಟ್ಟೆ. ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರು ಸಾವಿರ, ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಒಂದು ಕಪ್ಪು ಚಹಾದ ಬೆಲೆ. ಬಣ್ಣಕ್ಕೆ ಅರವತ್ತು ಸಾವಿರ, ಸೀಟಿನ ಬಟ್ಟೆಗೆ ಇಪ್ಪತ್ತು ಸಾವಿರ ಸುರಿದು, ಟೈರಿನಲ್ಲಿ ನಾಲ್ಕು ಸಾವಿರ ಉಳಿಸಿದೆನೆಂದು ಹಿಗ್ಗುವವರ ಜಾಣತನವನ್ನು ಏನೆಂದು ಕರೆಯಲಿ? ನೋಟಕ್ಕೆ ಹಣ, ಜೀವಕ್ಕೆ ಚೌಕಾಸಿ! ರಿಯಾಯಿತಿ ಎಂದಾಗ ಹಿಗ್ಗುವ ಬದಲು ಬಗ್ಗಿ ನಾಲ್ಕು ಅಂಕಿ ಓದಿ. ಒಂದು ವರ್ಷಕ್ಕಿಂತ ಹಳೆಯದಾದರೆ "ಬೇರೆ ಕೊಡ್ರಿ" ಎನ್ನಲು ಸಂಕೋಚವೇಕೆ? ಬದನೆಕಾಯಿಯನ್ನು ಹತ್ತು ಸಲ ಹಿಚುಕಿ ನೋಡಿ ಕೊಳ್ಳುವ ನಾವು ಟೈರಿನ ವಯಸ್ಸು ಕೇಳಲು ನಾಚುತ್ತೇವೆ.

ಮತ್ತೊಂದು ಮಾತು. ಆಯುಧಪೂಜೆಯ ದಿನ ಟೈರು ಮಿರಿಮಿರಿ ಮಿಂಚಲೆಂದು ಡೀಸೆಲ್ಲನ್ನೋ ಎಂಜಿನ್ ಎಣ್ಣೆಯನ್ನೋ ಸವರುವ ಪದ್ಧತಿ ನಮ್ಮ ಕಡೆ ಇದೆ. ಪೆಟ್ರೋಲಿಯಂ ಎಣ್ಣೆ ರಬ್ಬರಿನ ವೈರಿ. ಸೋಪಿನ ನೀರು ಸಾಕು. ಅಂದು ನಾಲ್ಕೂ ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಡುತ್ತೀರಿ. ಇಡಿ, ನಾನೂ ಇಡುತ್ತೇನೆ. ಇಡಲು ಬಗ್ಗಿದಾಗಲೇ ಆ ನಾಲ್ಕು ಅಂಕಿಗಳನ್ನು ಓದಿಬಿಡಿ. ವರ್ಷಕ್ಕೊಮ್ಮೆ ಪೂಜೆಯ ಜೊತೆ ಪರೀಕ್ಷೆಯೂ ಆಗುತ್ತದೆ.

ಆರು ವರ್ಷದ ಮೇಲೆ ತೆಗೆದ ಟೈರು ವ್ಯರ್ಥವೆಂದು ಕೊರಗಬೇಡಿ. ನಮ್ಮ ಊರುಗಳಲ್ಲಿ ಹಳೆಯ ಟೈರಿನಿಂದ ಚಪ್ಪಲಿ ಹೊಲಿದು ಮೂರು ತಲೆಮಾರು ನಡೆದಿದೆ. ಅದು ಇನ್ನೊಂದು ಜನ್ಮವೆತ್ತಲಿ, ನಮ್ಮ ಮಕ್ಕಳ ಕೆಳಗೆ ಗಂಟೆಗೆ ಎಂಬತ್ತು ಕಿಲೋಮೀಟರಿನಲ್ಲಿ ಉರುಳುವುದು ಬೇಡ.

ಆ ಮೆಕ್ಯಾನಿಕ್ ಶಿಷ್ಯನ ಬಳಿ 2012ರಲ್ಲಿಯೇ ಹೋಗಿ ಕೈಮುಗಿದಿದ್ದೆ. ಅವನು ಮುಜುಗರದಿಂದ, "ಇರ್ಲಿ ಬಿಡ್ರಿ ಸರ್, ಅಮ್ಮಾವ್ರ ಕೈ ಹ್ಯಾಂಗದ?" ಎಂದು ಮಾತ್ರ ಕೇಳಿದ. ಅಂದಿನಿಂದ ನನ್ನ ಕಾರಿನ ಟೈರುಗಳನ್ನು ಅವನೇ ಆರಿಸುತ್ತಾನೆ, ನಾನು ಹಣ ಕೊಡುತ್ತೇನೆ.

ಇದನ್ನು ಓದಿ ಮುಗಿಸಿದ ಮೇಲೆ ದಯವಿಟ್ಟು ಎದ್ದು ಹೊರಗೆ ಹೋಗಿ. ನಿಮ್ಮ ವಾಹನ ಹಳೆಯದಿರಲಿ, ಹೊಸದಿರಲಿ, ಟೈರಿನ ಪಕ್ಕದ ಆ ನಾಲ್ಕು ಅಂಕಿಗಳನ್ನು ಓದಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಳಮಗ್ಗುಲಿಗೆ ಇದ್ದರೆ ಟಾರ್ಚು ಹಿಡಿದು ಹುಡುಕಿ. ಇದು ನಿಮ್ಮ ಹಳೆಯ ಮಾಸ್ತರ ಕೊಡುತ್ತಿರುವ ಮನೆಗೆಲಸ. ಮಾಡಿದವರು ತಿಳಿಸಿ, ಮಾಡದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ.

ಎಲ್ಲರಿಗೂ ಶುಭವಾಗಲಿ.